ಚಿನ್ನ ತೀರಿದ ಮೇಲೆ ಉಳಿದ ನೆಲ

ಗಣಿಯೊಂದು ಮುಚ್ಚಿದಾಗ ಅದರ ಒಡೆಯರು ಯಂತ್ರಗಳನ್ನು ಕಳಚಿ ಮಾರಿ, ಲೆಕ್ಕಪತ್ರಗಳನ್ನು ಕಟ್ಟಿಟ್ಟು, ತಮ್ಮ ದಾರಿ ಹಿಡಿದು ಹೋಗಬಹುದು. ಆದರೆ ದಶಕಗಳ ಕಾಲ ಆ ನೆಲದ ಮೇಲೆ ಹರಿದ ರಾಸಾಯನಿಕ ದ್ರವಗಳೂ, ಅರೆದು ಸುರಿದ ಕಲ್ಲಿನ ಪುಡಿಯೂ, ಅದರೊಡನೆ ಭೂಗರ್ಭದಿಂದ ಮೇಲಕ್ಕೆ ಬಂದ ಲೋಹಾಂಶಗಳೂ ಅಲ್ಲಿಂದ ಕದಲುವುದಿಲ್ಲ. ಉದ್ಯಮದ ಲಾಭ ದೂರದ ನಗರಗಳಿಗೂ ದೇಶಾಂತರಗಳಿಗೂ ಹೋಗಿ ಹಂಚಿಕೆಯಾದ ಮೇಲೆ, ಅದರ ಶೇಷವನ್ನು ಹೊತ್ತು ಬಾಳಬೇಕಾದವರು ಅದೇ ಊರಿನ ಜನ. ಹೀಗೆ ಮಲಿನಗೊಂಡು ತ್ಯಕ್ತವಾದ ಭೂಮಿಯನ್ನು ಮತ್ತೆ ಮನುಷ್ಯೋಪಯೋಗಕ್ಕೆ ತರುವುದು ಹೇಗೆಂಬ ಪ್ರಶ್ನೆ ಕೈಗಾರಿಕೆಯನ್ನು ಕಂಡ ಎಲ್ಲ ದೇಶಗಳ ಮುಂದೆಯೂ ಇರುವುದಾದರೂ, ಅದು ಅತ್ಯಂತ ಕಠಿಣವಾಗುವುದು ಮಹಾನಗರಗಳಲ್ಲಲ್ಲ, ಸಣ್ಣ ಊರುಗಳಲ್ಲಿ.

ಕಾರಣ ಸರಳವಾದುದು. ಬೆಂಗಳೂರಿನಂಥ ನಗರದ ನಡುವೆ ಹಳೆಯ ಕಾರ್ಖಾನೆಯ ನಿವೇಶನವೊಂದಿದ್ದರೆ, ಅದರ ಮಣ್ಣಿನಲ್ಲಿ ಎಷ್ಟೇ ದೋಷವಿರಲಿ, ಆ ದೋಷವನ್ನು ಅಗೆದು ತೆಗೆಯುವ ವೆಚ್ಚಕ್ಕಿಂತ ನೆಲದ ಬೆಲೆ ಎಷ್ಟೋ ಪಾಲು ಅಧಿಕವಾಗಿರುವುದರಿಂದ, ಯಾರಾದರೊಬ್ಬರು ಅದನ್ನು ಕೊಂಡು ಶುದ್ಧಿಮಾಡಿಸಿ ಕಟ್ಟಡವನ್ನೆಬ್ಬಿಸುವರು. ನೆಲವೇ ತನ್ನ ಚಿಕಿತ್ಸೆಯ ಖರ್ಚನ್ನು ತೆತ್ತುಕೊಳ್ಳುವುದು. ಸಣ್ಣ ಊರಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ನೆಲದ ಬೆಲೆ ಅಲ್ಪ, ಶುದ್ಧೀಕರಣದ ವೆಚ್ಚ ಅಪಾರ. ಮಣ್ಣಿನ ಮಾದರಿಯನ್ನು ತೆಗೆಸಿ ಪರೀಕ್ಷೆಗೆ ಕಳುಹಿಸುವುದಕ್ಕೂ ಪುರಸಭೆಯ ಬೊಕ್ಕಸದಲ್ಲಿ ಹಣವಿರುವುದಿಲ್ಲ, ಬಂದ ವರದಿಯನ್ನು ಓದಿ ಅರ್ಥ ಹೇಳುವ ತಜ್ಞರೂ ಇರುವುದಿಲ್ಲ. ಆದುದರಿಂದ ಊರಿನವರು ಆ ನೆಲದ ಪಕ್ಕದಲ್ಲಿ ಹುಟ್ಟಿ, ಬೆಳೆದು, ಅದರ ಧೂಳನ್ನು ಉಸಿರಾಡಿ, ಅದು ಹೀಗೆಯೇ ಇರತಕ್ಕದ್ದೆಂದು ಭಾವಿಸುವ ಮಟ್ಟಿಗೆ ಅದಕ್ಕೆ ಒಗ್ಗಿಹೋಗುತ್ತಾರೆ. ಇದಕ್ಕೆ ನಿದರ್ಶನ ಬೇಕಾದರೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಕೋಲಾರ ಜಿಲ್ಲೆಯ ಚಿನ್ನದ ಗಣಿಯ ಊರಾದ ಕೆ.ಜಿ.ಎಫ್. ನಮ್ಮ ಕಣ್ಣೆದುರಿಗೇ ಇದೆ.

ಆ ಗಣಿಯ ಏಳ್ಗೆಯ ಕಥೆ ನಮ್ಮಲ್ಲಿ ಬಹುಮಂದಿಗೆ ತಿಳಿದದ್ದೇ. 1870ರ ದಶಕದಲ್ಲಿ ಲವೆಲ್ ಎಂಬ ಐರಿಷ್ ಸೈನಿಕನು ಮೈಸೂರು ಸರ್ಕಾರದ ಪರವಾನಗಿ ಪಡೆದು ಅಗೆತಕ್ಕೆ ತೊಡಗಿದ್ದು, 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ರಂಗಕ್ಕೆ ಬಂದದ್ದು, 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರ ತಂತಿಯೆಳೆದು ಗಣಿಗೆ ವಿದ್ಯುತ್ತನ್ನು ತಂದದ್ದು, ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಲೋಕದ ಅತ್ಯಂತ ಆಳವಾದ ಗಣಿಗಳ ಸಾಲಿಗೆ ಸೇರಿದ್ದು, ಇವೆಲ್ಲ ನಾಡಿನ ಅಭಿಮಾನದ ಸಂಗತಿಗಳಾಗಿ ಪಾಠಪುಸ್ತಕಗಳಲ್ಲಿ ನೆಲೆಗೊಂಡಿವೆ. ನೂರಿಪ್ಪತ್ತು ವರ್ಷಗಳಲ್ಲಿ ಅಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್. ಆ ಚಿನ್ನಕ್ಕಾಗಿ ಭೂಮಿಯೊಳಗಿಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನಿಂದಲೂ ಚಿತ್ತೂರಿನ ಕಡೆಯಿಂದಲೂ ಬಂದ ಬಡ ದಲಿತ ಕುಟುಂಬಗಳವರೆಂಬುದು, ಅವರು ವಾಸಿಸಿದ ಲೈನುಗಳೆಂಬ ವಸತಿಸಾಲುಗಳ ಇಕ್ಕಟ್ಟಾದ ಒಂದು ಕೋಣೆಯ ಮನೆಗಳು ಹೇಗಿದ್ದುವೆಂಬುದು, ಅದೇ ಪಾಠಪುಸ್ತಕಗಳಲ್ಲಿ ಅಷ್ಟಾಗಿ ಬರಲಿಲ್ಲ.

ಈ ಕಥೆಯಲ್ಲಿ ಕಡಿಮೆ ಹೇಳಲ್ಪಟ್ಟ ಮತ್ತೊಂದು ಭಾಗವೆಂದರೆ, ಚಿನ್ನವನ್ನು ತೆಗೆದ ಮೇಲೆ ಕಲ್ಲು ಏನಾಯಿತೆಂಬುದು. ಕೋಲಾರದ ಅದಿರಿನಲ್ಲಿ ಚಿನ್ನವು ಬೆಣಚುಕಲ್ಲಿನೊಳಗೆ ಅತಿಸೂಕ್ಷ್ಮ ಕಣಗಳಾಗಿ ಹುದುಗಿರುತ್ತಿತ್ತು. ಆ ಕಲ್ಲನ್ನು ಮಿಲ್ಲುಗಳಲ್ಲಿ ಕುಟ್ಟಿ, ರಾಗಿಹಿಟ್ಟಿಗಿಂತಲೂ ನುಣ್ಣಗಾಗುವಂತೆ ಅರೆದು, ಚಿನ್ನದ ತುಸು ದೊಡ್ಡ ಕಣಗಳನ್ನು ಮೊದಲು ಪಾದರಸದಿಂದ ಹಿಡಿಯುತ್ತಿದ್ದರು. ಪಾದರಸಕ್ಕೆ ಸಿಕ್ಕದೆ ಉಳಿದ ಚಿನ್ನವನ್ನು ಸೋಡಿಯಂ ಸೈನೈಡಿನ ತೆಳುವಾದ ದ್ರಾವಣದಲ್ಲಿ ಕರಗಿಸಿ, ಸತುವಿನ ಸಹಾಯದಿಂದ ಮತ್ತೆ ಘನರೂಪಕ್ಕೆ ತರುತ್ತಿದ್ದರು. ಸ್ಕಾಟ್ಲೆಂಡಿನಲ್ಲಿ 1887ರಲ್ಲಿ ಸಿದ್ಧಿಸಿದ ಈ ಸೈನೈಡ್ ವಿಧಾನ ಬಂದ ಮೇಲೆಯೇ ಲೋಕದ ಎಷ್ಟೋ ಚಿನ್ನದ ಗಣಿಗಳು ಲಾಭದಾಯಕವಾದುವು. ಇಷ್ಟೆಲ್ಲ ಸಂಸ್ಕಾರ ಮುಗಿದ ಬಳಿಕ ಒಂದು ಟನ್ ಕಲ್ಲಿನಿಂದ ದೊರೆಯುತ್ತಿದ್ದುದು ಗ್ರಾಮುಗಳಲ್ಲಿ ಎಣಿಸುವಷ್ಟು ಚಿನ್ನ. ಕಡೆಯ ವರ್ಷಗಳಲ್ಲಂತೂ ಮೂರು ಗ್ರಾಮಿನ ಆಸುಪಾಸು. ಉಳಿದ ಟನ್ನಿಗೆ ಟನ್ನೂ ಬೂದಿಬಣ್ಣದ ಕೆಸರಾಗಿ ಹೊರಗೆ ಹರಿದು, ಒಣಗಿ, ಪದರದ ಮೇಲೆ ಪದರ ಬೆಳೆದು ಗುಡ್ಡವಾಯಿತು. ಇಂದು ಊರಿನವರು ಸೈನೈಡ್ ದಿಬ್ಬಗಳೆಂದು ಕರೆಯುವ ಆ ಗುಡ್ಡಗಳು ಹದಿಮೂರು. ಅವುಗಳಲ್ಲಿರುವ ಪುಡಿ ಸುಮಾರು 3 ಕೋಟಿ 30 ಲಕ್ಷ ಟನ್.

ದಿಬ್ಬದ ಹೆಸರಿನಲ್ಲಿ ಸೈನೈಡ್ ಇರುವುದರಿಂದ ಅಪಾಯವೆಲ್ಲ ಅದೊಂದರಲ್ಲೇ ಇದೆಯೆಂದು ಬಗೆಯುವವರು ಉಂಟು. ಸೈನೈಡು ಬಿಸಿಲಿಗೂ ಗಾಳಿಗೂ ಒಡ್ಡಿಕೊಂಡಾಗ ಬಹುಮಟ್ಟಿಗೆ ವಿಘಟನೆ ಹೊಂದುವ ವಸ್ತು. ಮೇಲ್ಪದರದಲ್ಲಿ ಅದು ಬಹುಕಾಲ ನಿಲ್ಲುವುದಿಲ್ಲ, ಒಳಗಿನ ಪದರಗಳಲ್ಲಿ ಲೋಹಗಳೊಡನೆ ಕೂಡಿ ಹೆಚ್ಚು ದಿನ ಉಳಿಯಬಹುದು. ಅದಕ್ಕಿಂತ ದೀರ್ಘಾಯುವಾದ ತೊಂದರೆಗಳು ಎರಡು. ಒಂದು, ಅದಿರಿನೊಡನೆ ಬಂದ ಗಂಧಕಯುಕ್ತ ಖನಿಜಗಳು ನೀರಿನ ಹಾಗೂ ಗಾಳಿಯ ಸಂಪರ್ಕದಿಂದ ನಿಧಾನವಾಗಿ ಮಾರ್ಪಟ್ಟು, ತಮ್ಮೊಳಗಿನ ಪಾಷಾಣವನ್ನೂ (ಆರ್ಸೆನಿಕ್) ಇತರ ಲೋಹಗಳನ್ನೂ ಬಿಟ್ಟುಕೊಡುವುದು. ಮಳೆಗಾಲದಲ್ಲಿ ದಿಬ್ಬದ ಮೈಯಲ್ಲಿ ಕೊರಕಲುಗಳು ಬಿದ್ದು, ಪುಡಿಯು ತಗ್ಗಿನ ಹೊಲ ಹಳ್ಳಗಳಿಗೆ ಕೊಚ್ಚಿಹೋಗುವಾಗ ಇವೂ ಅದರೊಡನೆ ಸಾಗುತ್ತವೆ. ಎರಡನೆಯದು ಧೂಳು. ಬೆಣಚುಕಲ್ಲನ್ನು ಅಷ್ಟು ನುಣ್ಣಗೆ ಅರೆದರೆ ಅದರ ಕಣಗಳು ಶ್ವಾಸಕೋಶದ ತೀರ ಒಳಗಿನ ಕೋಶಗಳವರೆಗೆ ಹೋಗಿ ನಿಲ್ಲಬಲ್ಲವು, ನಿಂತ ಮೇಲೆ ಹೊರಗೆ ಬಾರವು. ಆಷಾಢದ ಗಾಳಿ ಬೀಸುವ ತಿಂಗಳುಗಳಲ್ಲಿ ಮಳೆಗಿಂತ ಗಾಳಿಯೇ ಹೆಚ್ಚಾಗಿರುವ ಆ ಸೀಮೆಯಲ್ಲಿ ದಿಬ್ಬದ ನೆತ್ತಿಯಿಂದ ಏಳುವ ಬಿಳಿಯ ಧೂಳು ಲೈನುಗಳ ಮೇಲೂ ಶಾಲೆಗಳ ಮೇಲೂ ಇಳಿಯುತ್ತದೆ. ಭಾರತದಲ್ಲಿ ಸಿಲಿಕೋಸಿಸ್ ಎಂಬ ಶ್ವಾಸರೋಗವು ಮೊದಲು ವರದಿಯಾದದ್ದು ಇದೇ ಕೋಲಾರದ ಗಣಿಯಿಂದ, 1934ರಲ್ಲಿ. ಅಂದು ಆ ರೋಗ ಗಣಿಯೊಳಗೆ ಇಳಿದವರ ಪಾಲಿನದಾಗಿತ್ತು. ಗಣಿಯ ಬಾಯಿಯನ್ನೇ ಕಾಣದ ಮಕ್ಕಳೂ ಅದೇ ಕಲ್ಲಿನ ಪುಡಿಯನ್ನು ಇಂದು ಉಸಿರಾಡುತ್ತಿರುವರೆಂಬುದನ್ನು ನೆನೆದರೆ ಮನಸ್ಸಿಗೆ ಸಮಾಧಾನವಿರಲಾರದು.

ಗಣಿ 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೂ, 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಗಿ, ಕಡೆಗೆ 2001ರ ಫೆಬ್ರವರಿ 28ರಂದು ಮುಚ್ಚಿತು. ಈ ತಾರೀಕನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಏಕೆಂದರೆ, ಗಣಿಯನ್ನು ನಡೆಸುವವರು ಅದನ್ನು ಮುಚ್ಚುವ ವಿಧಾನವನ್ನೂ ಮುಚ್ಚಿದ ಮೇಲೆ ನೆಲವನ್ನು ಸರಿಪಡಿಸುವ ಯೋಜನೆಯನ್ನೂ ಮೊದಲೇ ಒಪ್ಪಿಸಿ, ಅದಕ್ಕೆ ಹಣದ ಭದ್ರತೆಯನ್ನು ಕೊಡತಕ್ಕದ್ದೆಂಬ ನಿಯಮ ನಮ್ಮ ದೇಶದ ಖನಿಜ ಸಂರಕ್ಷಣಾ ನಿಯಮಗಳಲ್ಲಿ ಸೇರಿದ್ದು 2003ರ ಏಪ್ರಿಲ್ಲಿನಲ್ಲಿ. ಎರಡು ವರ್ಷಗಳ ಅಂತರದಲ್ಲಿ ಕೆ.ಜಿ.ಎಫ್. ಆ ನಿಯಮದ ಕೈಗೆ ಸಿಕ್ಕದೆ ಹೋಯಿತು. ಅನಂತರ ಬಹುಕಾಲ ಕಳೆದು, 2025ರ ಜುಲೈಯಲ್ಲಿ, ಮಲಿನ ಪ್ರದೇಶಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರವು ಪರಿಸರ ಸಂರಕ್ಷಣಾ ಕಾಯಿದೆಯಡಿಯಲ್ಲಿ ಹೊಸ ನಿಯಮಗಳನ್ನು ಹೊರಡಿಸಿತು. ಜಿಲ್ಲಾಡಳಿತವು ಸಂದೇಹಾಸ್ಪದವಾದ ಜಾಗಗಳನ್ನು ಆರು ತಿಂಗಳಿಗೊಮ್ಮೆ ವರದಿ ಮಾಡಬೇಕು, ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯು ತೊಂಬತ್ತು ದಿನಗಳೊಳಗೆ ಪ್ರಾಥಮಿಕ ಪರಿಶೀಲನೆಯನ್ನು ನಡೆಸಬೇಕು, ದೋಷಕ್ಕೆ ಹೊಣೆಯಾದವರನ್ನು ಗುರುತಿಸಿ ಶುದ್ಧೀಕರಣದ ವೆಚ್ಚವನ್ನು ಅವರಿಂದಲೇ ವಸೂಲು ಮಾಡಬೇಕು, ಅವರು ಸಿಕ್ಕದಿದ್ದರೆ ಸರ್ಕಾರಗಳೇ ಅದನ್ನು ಭರಿಸಬೇಕು ಎಂದು ಅವುಗಳಲ್ಲಿದೆ. ಸ್ವಾಗತಾರ್ಹವಾದ ನಿಯಮವೇ, ಬಹಳ ದಿನಗಳಿಂದ ಬೇಕಾಗಿದ್ದದ್ದು. ಆದರೆ ಗಣಿಗಾರಿಕೆಯಿಂದ ಉಂಟಾದ ಮಾಲಿನ್ಯಕ್ಕೆ ಬೇರೆ ಕಾನೂನುಗಳಿವೆಯೆಂಬ ಕಾರಣದಿಂದ ಅದನ್ನು ಈ ನಿಯಮಗಳ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಹೀಗಾಗಿ ಗಣಿಯ ಕಾನೂನು ಬರುವ ವೇಳೆಗೆ ಕೆ.ಜಿ.ಎಫ್. ಗಣಿಯಾಗಿ ಉಳಿದಿರಲಿಲ್ಲ, ಮಲಿನ ಭೂಮಿಯ ಕಾನೂನು ಬರುವ ವೇಳೆಗೆ ಅದನ್ನು ಗಣಿಯೆಂದು ಬದಿಗಿಡುವಂತಾಯಿತು. ಎರಡು ಕಾನೂನುಗಳ ನಡುವಣ ಈ ಬಯಲಿನಲ್ಲಿ ಒಂದು ಊರು ನಿಂತಿದೆ.

ಅಮೆರಿಕದವರು ಇದೇ ಪ್ರಶ್ನೆಯನ್ನು ಎದುರಿಸಿದ ಬಗೆಯನ್ನು ಇಲ್ಲಿ ಸ್ಮರಿಸಬೇಕು. 1980ರಲ್ಲಿ ಅವರು ಮಾಡಿದ ಸೂಪರ್‌ಫಂಡ್ ಕಾಯಿದೆಯು ವಿಷಭೂಮಿಯ ಹೊಣೆಯನ್ನು ಅದರ ಒಡೆಯನ ಮೇಲೆ ಎಷ್ಟು ಬಿಗಿಯಾಗಿ ಹೊರಿಸಿತೆಂದರೆ, ದೋಷದ ಸಂದೇಹವಿರುವ ನೆಲವನ್ನು ಕೊಳ್ಳುವುದಕ್ಕೇ ಜನ ಹೆದರಿ, ಸಣ್ಣಪುಟ್ಟ ದೋಷವಿದ್ದ ಅಸಂಖ್ಯ ನಿವೇಶನಗಳು ಪಾಳುಬಿದ್ದುವು. ಆ ಅನುಭವದಿಂದ 2002ರಲ್ಲಿ ಅವರು ಮತ್ತೊಂದು ಶಾಸನವನ್ನು ತಂದು, ಕೊಳ್ಳುವ ಮುನ್ನ ಯಥಾವಿಧಿಯಾಗಿ ವಿಚಾರಣೆ ಮಾಡಿದ ಖರೀದಿದಾರನಿಗೆ ರಕ್ಷಣೆಯನ್ನೂ, ನೆಲವನ್ನು ಪರೀಕ್ಷಿಸುವುದಕ್ಕೂ ಶುದ್ಧಿಮಾಡುವುದಕ್ಕೂ ಸ್ಥಳೀಯ ಸಂಸ್ಥೆಗಳಿಗೆ ಅನುದಾನವನ್ನೂ ಒದಗಿಸಿದರು. ಬ್ರೌನ್‌ಫೀಲ್ಡ್ ಎಂದು ಅವರು ಕರೆಯುವ ಇಂಥ ಭೂಮಿಯ ವ್ಯಾಖ್ಯೆಯೊಳಗೆ ಗಣಿಗಾರಿಕೆಯಿಂದ ಗಾಯಗೊಂಡ ನೆಲವನ್ನೂ ಆ ಶಾಸನವು ಸ್ಪಷ್ಟವಾಗಿ ಹೆಸರಿಸಿ ಸೇರಿಸಿಕೊಂಡಿದೆ. ನಾವು ಹೊರಗಿಟ್ಟದ್ದನ್ನು ಅವರು ಒಳಗೆ ಕರೆದುಕೊಂಡರು. ನನ್ನ ದೃಷ್ಟಿಯಲ್ಲಿ ನಮ್ಮ ನಿಯಮಕ್ಕೆ ತುರ್ತಾಗಿ ಬೇಕಾದ ತಿದ್ದುಪಡಿ ಇದೊಂದೇ.

ಆದರೆ ಕಾಯಿದೆಯಿದ್ದ ಮಾತ್ರಕ್ಕೆ ಸಣ್ಣ ಊರು ಬದುಕಿಕೊಳ್ಳುವುದೆಂದು ಹೇಳಲಾಗದು. ಒಕ್ಲಹೋಮ ರಾಜ್ಯದ ಪಿಚರ್ ಎಂಬ ಊರು ಸೀಸ ಮತ್ತು ಸತುವಿನ ಗಣಿಗಳಿಂದ ಬೆಳೆದದ್ದು. ಅಲ್ಲಿಯೂ ಅದಿರಿನ ಶೇಷ ಗುಡ್ಡಗಳಾಗಿ ನಿಂತಿತು. ಮಕ್ಕಳು ಅದರ ಮೇಲೆ ಆಡಿದರು, ದೊಡ್ಡವರು ಅದನ್ನೇ ತಂದು ರಸ್ತೆಗೂ ಅಂಗಳಕ್ಕೂ ಹರಡಿದರು. 1983ರಲ್ಲಿಯೇ ಆ ಪ್ರದೇಶ ಸೂಪರ್‌ಫಂಡ್ ಪಟ್ಟಿಗೆ ಸೇರಿತಾದರೂ, 1990ರ ದಶಕದಲ್ಲಿ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ ಮೂವರಲ್ಲಿ ಒಬ್ಬರಷ್ಟು ಮಕ್ಕಳಲ್ಲಿ ಸೀಸದ ಅಂಶ ಮಿತಿಮೀರಿದ್ದುದು ಕಂಡುಬಂತು. ಕಡೆಗೆ ಸರ್ಕಾರವು ಮನೆಗಳನ್ನು ಕೊಂಡು ಜನರನ್ನು ಬೇರೆಡೆಗೆ ಕಳುಹಿಸಬೇಕಾಯಿತು, 2009ರಲ್ಲಿ ಊರಿನ ಪುರಸಭೆಯೇ ವಿಸರ್ಜಿತವಾಯಿತು. ಆ ದುರಂತದ ನಡುವೆಯೂ ಒಂದು ಸಂಗತಿ ಗಮನಾರ್ಹವಾದುದು. ಅಲ್ಲಿನ ನೆಲದ ಮೂಲ ಒಡೆಯರಾದ ಕ್ವಾಪಾ ಬುಡಕಟ್ಟಿನವರು ಶುದ್ಧೀಕರಣದ ಕೆಲಸವನ್ನು ತಾವೇ ಕೈಗೆ ತೆಗೆದುಕೊಂಡರು. ಅಮೆರಿಕದಲ್ಲಿ ಇಂಥ ಕಾರ್ಯವನ್ನು ಒಂದು ಬುಡಕಟ್ಟೇ ನಿರ್ವಹಿಸಿದ್ದು ಅದೇ ಮೊದಲು. ನೆಲದ ಹತ್ತಿರ ಬಾಳುವವರ ಕೈಗೆ ಕೆಲಸವೂ ತೀರ್ಮಾನವೂ ಬಂದಾಗ ಅದಕ್ಕೆ ಒದಗುವ ಶ್ರದ್ಧೆ ದೂರದ ಕಛೇರಿಯಿಂದ ಒದಗಲಾರದು.

ಈಗ ಶುದ್ಧೀಕರಣವೆಂದರೆ ಏನೆಂಬುದನ್ನು ವಿವರಿಸಬೇಕು. ಇದರಲ್ಲಿ ಜನರಿಗೆ ತಪ್ಪು ಕಲ್ಪನೆ ಹೆಚ್ಚು. ಮಣ್ಣಿನಲ್ಲಿರುವ ವಿಷವನ್ನು ಕೊನೆಯ ಕಣದವರೆಗೂ ತೆಗೆದು ನೆಲವನ್ನು ಪೂರ್ವಸ್ಥಿತಿಗೆ ತರುವುದೆಂದು ಇದರ ಅರ್ಥವಲ್ಲ. ಅದು ಬಹುಪಾಲು ಅಸಾಧ್ಯ, ಸಾಧ್ಯವಾದ ಕಡೆಯಲ್ಲೂ ಅದರ ವೆಚ್ಚವನ್ನು ಯಾವ ಸಣ್ಣ ಊರೂ ಹೊರಲಾರದು. ಮಲಿನ ಭೂಮಿಯಿಂದ ಹಾನಿಯಾಗಬೇಕಾದರೆ ಮೂರು ಸಂಗತಿಗಳು ಒಟ್ಟಾಗಿ ಇರಬೇಕು: ವಿಷದ ಒಂದು ಮೂಲ, ಅದು ಸಾಗಿಬರುವ ಒಂದು ದಾರಿ, ಆ ದಾರಿಯ ತುದಿಯಲ್ಲಿ ಅದನ್ನು ಉಂಡೋ ಕುಡಿದೋ ಉಸಿರಾಡಿಯೋ ಒಳಗೆ ತೆಗೆದುಕೊಳ್ಳುವ ಒಂದು ಜೀವ. ಇವುಗಳಲ್ಲಿ ಯಾವುದೊಂದನ್ನು ತಪ್ಪಿಸಿದರೂ ಹಾನಿ ತಪ್ಪುತ್ತದೆ. ಮೂಲವನ್ನು ತೆಗೆಯಲಾಗದಿದ್ದರೆ ಅದರ ಮೇಲೆ ಜೇಡಿಮಣ್ಣಿನ ಗಟ್ಟಿ ಹೊದಿಕೆಯನ್ನು ಹಾಸಿ, ಮಳೆನೀರು ಒಳಗಿಳಿಯದಂತೆ ಇಳಿಜಾರನ್ನೂ ಕಾಲುವೆಗಳನ್ನೂ ಕಟ್ಟಿ, ಗಾಳಿಗೆ ಏಳದಂತೆ ಗಿಡಹುಲ್ಲುಗಳನ್ನು ಬೆಳೆಸಿದರೆ ದಾರಿ ಕಡಿದುಹೋಗುತ್ತದೆ. ಆ ನೆಲವನ್ನು ಮುಂದೆ ಯಾವುದಕ್ಕೆ ಬಳಸುವುದೆಂಬುದು ಇಲ್ಲಿ ನಿರ್ಣಾಯಕ. ಮಕ್ಕಳು ಆಡುವ ಅಂಗಳಕ್ಕೂ ತರಕಾರಿ ಬೆಳೆಯುವ ಹಿತ್ತಿಲಿಗೂ ಬೇಕಾದ ಶುದ್ಧಿ ಒಂದು ಬಗೆಯದಾದರೆ, ಸಿಮೆಂಟು ನೆಲದ ಉಗ್ರಾಣಕ್ಕೋ ಸೌರಫಲಕಗಳ ಸಾಲಿಗೋ ಸಾಕಾಗುವ ಶುದ್ಧಿ ಮತ್ತೊಂದು ಬಗೆಯದು. ಆದುದರಿಂದ ಬಳಕೆಯನ್ನು ಮೊದಲು ನಿಶ್ಚಯಿಸದೆ ಶುದ್ಧೀಕರಣವನ್ನು ಪ್ರಾರಂಭಿಸುವುದೂ, ಮಣ್ಣನ್ನು ಮೊದಲು ಪರೀಕ್ಷಿಸದೆ ಬಳಕೆಯನ್ನು ನಿಶ್ಚಯಿಸುವುದೂ ಸಮಾನವಾದ ಪ್ರಮಾದಗಳು.

ಹೊದಿಕೆಯ ಕೆಲಸದಲ್ಲಿ ಸಸ್ಯಗಳು ಮಾಡುವ ಉಪಕಾರ ಸಣ್ಣದಲ್ಲ. ನಮ್ಮ ಲಾವಂಚದ ಬೇರು ನೇರವಾಗಿ ಆಳಕ್ಕಿಳಿದು ಸಡಿಲವಾದ ಪುಡಿಯನ್ನು ಹಿಡಿದು ನಿಲ್ಲಿಸುವ ಗುಣವುಳ್ಳದ್ದಾದ್ದರಿಂದ ಅನೇಕ ದೇಶಗಳ ಗಣಿಶೇಷದ ಗುಡ್ಡಗಳ ಮೇಲೆ ಅದನ್ನು ನೆಟ್ಟಿದ್ದಾರೆ. ಜರಿಗಿಡಗಳ ಜಾತಿಯದೊಂದು ಮಣ್ಣಿನಲ್ಲಿರುವ ಪಾಷಾಣವನ್ನು ಹೀರಿ ತನ್ನ ಎಲೆಗಳಲ್ಲಿ ಶೇಖರಿಸಿಕೊಳ್ಳುವುದೆಂದು 2001ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಇವೆಲ್ಲ ಹಲವು ವರ್ಷಗಳನ್ನು ಬೇಡುವ ಉಪಾಯಗಳು. ಪಾಷಾಣವನ್ನು ಹೀರಿದ ಸೊಪ್ಪನ್ನು ದನಗಳ ಬಾಯಿಗೆ ಸಿಕ್ಕದಂತೆ ಕತ್ತರಿಸಿ ವಿಲೇವಾರಿ ಮಾಡುವ ವ್ಯವಸ್ಥೆಯಿಲ್ಲದೆ ಇವನ್ನು ಕೈಗೊಳ್ಳಬಾರದು.

ಕೆ.ಜಿ.ಎಫ್. ಗುಡ್ಡಗಳ ವಿಷಯದಲ್ಲಿ ಈಚೆಗೆ ಒಂದು ಹೊಸ ಪ್ರಸ್ತಾಪ ಬಂದಿದೆ. ಆ ಪುಡಿಯಲ್ಲಿ ಇನ್ನೂ ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ ಪ್ರಮಾಣದಲ್ಲಿ ಚಿನ್ನ ಉಳಿದಿದೆ. ಚಿನ್ನದ ಬೆಲೆ ಏರಿರುವ ಈ ಕಾಲದಲ್ಲಿ ಅದನ್ನು ಮತ್ತೆ ಸಂಸ್ಕರಿಸುವುದು ಲಾಭದಾಯಕವೆಂಬ ಎಣಿಕೆಯಿಂದ, ಸುಮಾರು ಸಾವಿರ ಎಕರೆಯ ಮೇಲಿರುವ ಹದಿಮೂರು ದಿಬ್ಬಗಳನ್ನು ಮರುಸಂಸ್ಕರಣೆಗೆ ಒಳಪಡಿಸುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನಿನಲ್ಲಿ ರಾಜ್ಯ ಸಚಿವ ಸಂಪುಟವು ಸಮ್ಮತಿಯಿತ್ತಿತು. ಸಣ್ಣ ಊರಿನ ನೆಲ ತನ್ನ ಚಿಕಿತ್ಸೆಯ ಖರ್ಚನ್ನು ತೆರಲಾರದೆಂದು ಮೊದಲಲ್ಲಿ ಹೇಳಿದೆನಷ್ಟೆ, ಕೆ.ಜಿ.ಎಫ್. ಅದಕ್ಕೆ ಅಪವಾದವಾಗಬಹುದಾದ ಅಪೂರ್ವ ಸಂದರ್ಭ ಇದು. ದಿಬ್ಬದಲ್ಲಿ ಉಳಿದಿರುವ ಚಿನ್ನವೇ ದಿಬ್ಬವನ್ನು ತೆಗೆಯುವ ವೆಚ್ಚವನ್ನು ಕೊಡಬಲ್ಲದು.

ಕೊಡಬಲ್ಲದು, ಆದರೆ ತಾನಾಗಿ ಕೊಡುವುದಿಲ್ಲ. ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಸುತ್ತಲಿನ ಚಿನ್ನದ ಗಣಿಗಳ ಶೇಷವನ್ನು 1970ರ ದಶಕದ ಕೊನೆಯಿಂದ ಹೀಗೆಯೇ ನೀರಿನ ಧಾರೆಯಿಂದ ಕರಗಿಸಿ, ಕೊಳವೆಗಳಲ್ಲಿ ಸಾಗಿಸಿ, ಮತ್ತೆ ಚಿನ್ನ ತೆಗೆಯುತ್ತಿದ್ದಾರೆ. ಅಲ್ಲಿ ಕಂಡ ಪಾಠವೆಂದರೆ, ಚಿನ್ನವನ್ನು ತೆಗೆದಮಾತ್ರಕ್ಕೆ ಪುಡಿಯ ಪರಿಮಾಣ ಕಡಿಮೆಯಾಗುವುದಿಲ್ಲ. ಅಷ್ಟೂ ಟನ್ನು ಮತ್ತೊಂದೆಡೆಗೆ ಹೋಗಿ ನಿಲ್ಲಬೇಕು. ದಿಬ್ಬವಿದ್ದ ಜಾಗದ ಮಣ್ಣಿಗೂ ಅಷ್ಟು ಕಾಲದ ದೋಷ ಇಳಿದಿರುವುದರಿಂದ ಅದನ್ನು ಪ್ರತ್ಯೇಕವಾಗಿ ಶೋಧಿಸಬೇಕು. ಕಾಲಕ್ರಮದಲ್ಲಿ ಗಟ್ಟಿಯಾದ ದಿಬ್ಬದ ಮೈಯನ್ನು ಅಗೆದಾಗ ಹೊಸದಾಗಿ ಧೂಳೇಳುವುದು. ಸಂಸ್ಕರಣೆಗೆ ಮತ್ತೆ ಸೈನೈಡೂ ಹೇರಳವಾಗಿ ನೀರೂ ಬೇಕಾಗುವುವು, ಕೋಲಾರ ಜಿಲ್ಲೆಯ ನೀರಿನ ಬಡತನವನ್ನು ನಾನು ಹೇಳಬೇಕಾಗಿಲ್ಲ. ಕರಾರಿನಲ್ಲಿ ಚಿನ್ನದ ಪಾಲಿನ ಲೆಕ್ಕವಷ್ಟೇ ಇದ್ದು, ಹೊಸ ಶೇಷ ಎಲ್ಲಿಗೆ ಹೋಗತಕ್ಕದ್ದು, ಅದರ ತಳಕ್ಕೂ ನೆತ್ತಿಗೂ ಯಾವ ಹೊದಿಕೆ, ಖಾಲಿಯಾದ ಸಾವಿರ ಎಕರೆಯನ್ನು ಯಾರು ಯಾವ ಸ್ಥಿತಿಯಲ್ಲಿ ಯಾರಿಗೆ ಒಪ್ಪಿಸಬೇಕು ಎಂಬ ಮಾತುಗಳು ಇಲ್ಲದೆ ಹೋದರೆ, ಊರಿಗೆ ಉಳಿಯುವುದು ಹಳೆಯ ದಿಬ್ಬದ ಬದಲು ಹೊಸ ದಿಬ್ಬ.

ಇಂಥ ಸಂದರ್ಭಗಳಲ್ಲಿ ಯಾವಾಗಲೂ ಉದಾಹರಿಸಲ್ಪಡುವುದು ಇಂಗ್ಲೆಂಡಿನ ಕಾರ್ನ್‌ವಾಲಿನ ಈಡನ್ ಪ್ರಾಜೆಕ್ಟ್ ಎಂಬ ಉದ್ಯಾನ. ಕೋಲಾರಕ್ಕೂ ಕಾರ್ನ್‌ವಾಲಿಗೂ ಹಳೆಯ ನಂಟಿದೆ. ಆ ಸೀಮೆಯಲ್ಲಿ ತವರ, ತಾಮ್ರದ ಗಣಿಗಳು ಬತ್ತಿದಾಗ ಅಲ್ಲಿನ ಕುಶಲ ಗಣಿಗಾರರು ಬಂದು ನಮ್ಮ ಗಣಿಗಳಲ್ಲಿ ದುಡಿದರು. ಅಲ್ಲಿ ಸೇಂಟ್ ಆಸ್ಟೆಲ್ ಎಂಬ ಸಣ್ಣ ಪಟ್ಟಣದ ಹತ್ತಿರ, ಪಿಂಗಾಣಿ ಮಣ್ಣನ್ನು ತೆಗೆದು ಬರಿದಾದ ಆಳವಾದ ಹೊಂಡದಲ್ಲಿ, ಗಣಿಯ ಕಸವನ್ನೂ ಕೊಳೆತ ಮರದ ತೊಗಟೆಯನ್ನೂ ಬೆರಸಿ ಸುಮಾರು 85,000 ಟನ್ ಹೊಸ ಮಣ್ಣನ್ನು ತಯಾರಿಸಿ ನಿರ್ಮಿಸಿದ ಸಸ್ಯಾಗಾರವು 2001ರ ಮಾರ್ಚಿನಲ್ಲಿ ತೆರೆಯಿತು, ಕೆ.ಜಿ.ಎಫ್. ಗಣಿಗಳು ಮುಚ್ಚಿ ಆಗ ಒಂದು ತಿಂಗಳೂ ಆಗಿರಲಿಲ್ಲ. ಅದು ಸುಂದರವಾದ ಸಾಧನೆ, ಅಲ್ಲಿನ ಜನರಿಗೆ ಉದ್ಯೋಗವನ್ನೂ ತಂದಿತು. ಆದರೂ ಅದನ್ನು ಇಲ್ಲಿ ಅನುಕರಿಸಿರೆಂದು ಹೇಳಲು ನನಗೆ ಮನಸ್ಸಿಲ್ಲ. ಪಿಂಗಾಣಿ ಮಣ್ಣಿನ ಶೇಷ ನಮ್ಮ ದಿಬ್ಬಗಳಂತೆ ಹಾನಿಕರವಲ್ಲ. ಅದಕ್ಕೆ ಲಾಟರಿಯ ಸಾರ್ವಜನಿಕ ನಿಧಿಯಿಂದ ದೊರೆತಂಥ ದೊಡ್ಡ ಮೊತ್ತ ಎಲ್ಲ ಊರಿಗೂ ದೊರೆಯುವುದಿಲ್ಲ. ಕೆ.ಜಿ.ಎಫ್. ಜನಕ್ಕೆ ಮೊದಲು ಬೇಕಾದುದು ಪ್ರೇಕ್ಷಣೀಯ ಸ್ಥಳವಲ್ಲ, ಧೂಳಿಲ್ಲದ ಗಾಳಿ ಮತ್ತು ಹತ್ತಿರದಲ್ಲೇ ಒಂದು ಉದ್ಯೋಗ. ಬೆಳಗಿನ ಜಾವ ಅಲ್ಲಿನ ಮಾರಿಕುಪ್ಪಂ ನಿಲ್ದಾಣದಿಂದ ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ದಿನವೂ ಕಿಕ್ಕಿರಿದು ಹೋಗಿ, ರಾತ್ರಿ ಮರಳಿ ಬಂದು ಮಕ್ಕಳನ್ನು ನಿದ್ರೆಯಲ್ಲಿ ಮಾತ್ರ ನೋಡುವ ಗಣಿಕಾರ್ಮಿಕರ ಮಕ್ಕಳು ಮೊಮ್ಮಕ್ಕಳ ಬದುಕನ್ನು ಬಲ್ಲವರು ಈ ಮಾತನ್ನು ಒಪ್ಪುವರು. ಭಾರತ್ ಗೋಲ್ಡ್ ಮೈನ್ಸಿಗೆ ಸೇರಿದ ಸಾವಿರಾರು ಎಕರೆಗಳಲ್ಲಿ ದಿಬ್ಬಗಳ ಸೋಂಕಿಲ್ಲದ ನೆಲ ಬಹಳವಿದೆ. ಕೈಗಾರಿಕೆಗಳನ್ನು ಅಲ್ಲಿ ನೆಲೆಗೊಳಿಸಬೇಕೆಂಬ ಆಲೋಚನೆ ಸರಿಯಾದುದೇ, ಯಾವ ತುಂಡು ಶುದ್ಧ ಯಾವುದು ಅಶುದ್ಧ ಎಂಬ ನಕ್ಷೆ ಮೊದಲು ಸಿದ್ಧವಾದರೆ.

ಹಣದ ವಿಷಯ ಒಂದೆರಡು ಮಾತು. 1977ರಲ್ಲಿ ಅಮೆರಿಕವು, ಅಂದು ತೆಗೆಯುತ್ತಿದ್ದ ಪ್ರತಿ ಟನ್ ಕಲ್ಲಿದ್ದಲಿನ ಮೇಲೆ ಶುಲ್ಕ ವಿಧಿಸಿ, ಹಿಂದಿನವರು ಹಾಳುಗೆಡವಿ ಬಿಟ್ಟುಹೋದ ಗಣಿಭೂಮಿಯನ್ನು ಸರಿಪಡಿಸುವ ನಿಧಿಯೊಂದನ್ನು ಕೂಡಿಸಿತು. ನಮ್ಮಲ್ಲಿಯೂ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳಿವೆ, ಆದರೆ ಅವುಗಳಿಗೆ ಹಣ ಬರುವುದು ಇಂದು ಗಣಿಗಾರಿಕೆ ನಡೆಯುತ್ತಿರುವ ಕಡೆಗಳಿಂದ. ಬಳ್ಳಾರಿ, ಚಿತ್ರದುರ್ಗ, ತುಮಕೂರುಗಳಿಗೆ ಸುಪ್ರೀಂ ಕೋರ್ಟಿನ ಆದೇಶದಿಂದ ಒಂದು ಪುನಶ್ಚೇತನ ನಿಗಮವೂ ದೊಡ್ಡ ನಿಧಿಯೂ ದೊರೆತುವು. ಗಣಿ ನಿಂತುಹೋದ ಕೋಲಾರದಂಥ ಜಿಲ್ಲೆಗೆ ಎರಡರಿಂದಲೂ ಹೇಳಿಕೊಳ್ಳುವಷ್ಟು ದೊರೆಯುವಂತಿಲ್ಲ. ನಡೆಯುತ್ತಿರುವ ಗಣಿಗಳ ಆದಾಯದ ಒಂದು ಸಣ್ಣ ಅಂಶವನ್ನು ನಿಂತುಹೋದ ಗಣಿಗಳ ಊರುಗಳಿಗೆಂದು ರಾಜ್ಯಮಟ್ಟದಲ್ಲಿ ಮೀಸಲಿಡುವುದು ನ್ಯಾಯವಾದ ಕ್ರಮ.

ಇದಕ್ಕೆಲ್ಲ ಕಾಲ ಹಿಡಿಯುವುದಾದರೆ ಹಿಡಿಯಲಿ. ಆದರೆ ಒಂದು ಕೆಲಸವನ್ನು ಇಂದೇ ಮಾಡಬಹುದು, ಅದಕ್ಕೆ ಕಾನೂನಿನ ತಿದ್ದುಪಡಿಯೂ ಬೇಡ, ದೊಡ್ಡ ನಿಧಿಯೂ ಬೇಡ: ದಿಬ್ಬಗಳ ಪುಡಿಯನ್ನೂ ಸುತ್ತಣ ಬಾವಿಗಳ ನೀರನ್ನೂ ಗಾಳಿಯನ್ನೂ ಒಂದು ಸ್ವತಂತ್ರ ಸಂಸ್ಥೆಯಿಂದ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸುವುದು. ಮರುಸಂಸ್ಕರಣೆಯ ಗುತ್ತಿಗೆಗೆ ಸಹಿ ಬೀಳುವ ಮುನ್ನ ಆ ವರದಿಯನ್ನು ಕನ್ನಡ, ತಮಿಳು, ತೆಲುಗು ಮೂರು ಭಾಷೆಗಳಲ್ಲಿಯೂ ಕೆ.ಜಿ.ಎಫ್. ಊರಿನ ರಾಬರ್ಟ್‌ಸನ್‌ಪೇಟೆಯ ನಗರಸಭೆಯ ಮುಂದೆ ಓದಿ ಹೇಳಿ, ಊರಿನವರ ಅಭಿಪ್ರಾಯವನ್ನು ಬರೆದುಕೊಳ್ಳಬೇಕೆಂದು ಜಿಲ್ಲಾಡಳಿತವನ್ನೂ, ಆ ಭಾಗದ ಶಾಸಕರನ್ನೂ ಸಂಸದರನ್ನೂ ಪ್ರಾರ್ಥಿಸುತ್ತೇನೆ.